ಎಲೆಯಾಟದ ಎರಡು ಬೆಲೆಗಳು

ಕ್ರೀಡೆಯು ಬಾಲ್ಯದ ಸಹಜಧರ್ಮವಾದುದರಿಂದ, ಮಕ್ಕಳ ಕೈಯಲ್ಲಿರುವ ಆಟದ ಸಾಮಗ್ರಿಯನ್ನು ನೋಡಿ ಆಯಾ ಕಾಲದ ಒಲವುಗಳನ್ನು ತಿಳಿಯಬಹುದು. ಒಂದು ಕಾಲಕ್ಕೆ ಗೋಲಿ, ಬುಗುರಿ, ಚಿನ್ನಿದಾಂಡು, ಚೌಕಾಬಾರ, ಅಳಗುಳಿಮಣೆಗಳು ಊರಿನ ಜಗಲಿಗಳನ್ನು ತುಂಬಿದ್ದುವು. ಇಂದು ಯಶವಂತಪುರ ಯಲಹಂಕಗಳ ನಡುವಣ ರೈಲುದಾರಿಯ ಕೊಡಿಗೇಹಳ್ಳಿಯಂಥ ಸ್ಥಳದಲ್ಲಿ, ಹಳ್ಳಿಯೆಂಬ ಹೆಸರನ್ನು ಉಳಿಸಿಕೊಂಡೇ ಮಹಾನಗರದ ಬಡಾವಣೆಯಾಗಿ ಮಾರ್ಪಟ್ಟ ಊರಿನಲ್ಲಿ, ಶಾಲೆ ಬಿಟ್ಟ ಹೊತ್ತಿಗೆ ಮಕ್ಕಳ ಜೇಬಿನಿಂದ ಹೊರಬರುವುದು ಥಳಥಳಿಸುವ ಬಣ್ಣದ ಎಲೆಗಳು. ಪೋಕೆಮಾನ್ ಮುಂತಾದ ಹೆಸರಿನ ಈ ಎಲೆಗಳನ್ನು ಕೊಳ್ಳುವುದು, ಕೂಡಿಡುವುದು, ಒಬ್ಬರೊಡನೊಬ್ಬರು ಬದಲಾಯಿಸಿಕೊಳ್ಳುವುದು, ಅವುಗಳಿಂದ ಪಂದ್ಯವಾಡುವುದು ಎಳೆಯರಲ್ಲಿ ರೂಢಿಯಾಗಿದೆ. ಇವನ್ನು ಟ್ರೇಡಿಂಗ್ ಕಾರ್ಡ್ ಆಟಗಳೆನ್ನುತ್ತಾರೆ. ವಿನಿಮಯದ ಎಲೆಯಾಟಗಳೆಂದು ಕನ್ನಡದಲ್ಲಿ ಕರೆಯಬಹುದು.

ಈ ಆಟಗಳನ್ನು ಕುರಿತು ಪೋಷಕರಲ್ಲಿಯೂ ಅಧ್ಯಾಪಕರಲ್ಲಿಯೂ ಎರಡು ಅಭಿಪ್ರಾಯಗಳಿವೆ. ಎಲೆಯೆಂದೊಡನೆಯೇ ಜೂಜೆಂದು ಭಾವಿಸಿ, ಶಾಲೆಯ ಆವರಣದೊಳಕ್ಕೆ ಇವನ್ನು ಬಿಡಲೇಬಾರದೆನ್ನುವವರು ಕೆಲವರು. ಇವು ಚದುರಂಗದಂತೆ ಬುದ್ಧಿಯನ್ನು ಹರಿತಗೊಳಿಸುತ್ತವೆಂದು ಸಮರ್ಥಿಸುವವರು ಇನ್ನು ಕೆಲವರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಅದು ಯಾವ ಭಾಗಕ್ಕೆ ಅನ್ವಯಿಸುತ್ತದೆಂಬುದನ್ನು ವಿಂಗಡಿಸಿ ನೋಡಬೇಕಾಗಿದೆ. ಈ ಆಟದ ಪ್ರತಿಯೊಂದು ಎಲೆಗೂ ಎರಡು ಬೆಲೆಗಳಿವೆ. ಆಟದ ಮಣೆಯ ಮೇಲೆ ತೆರಬೇಕಾದುದು ಒಂದು. ಅಂಗಡಿಯ ಕಟ್ಟೆಯ ಮೇಲೆ ತೆರಬೇಕಾದುದು ಇನ್ನೊಂದು. ಮೊದಲನೆಯದನ್ನು ಒಳಬೆಲೆಯೆಂದೂ ಎರಡನೆಯದನ್ನು ಹೊರಬೆಲೆಯೆಂದೂ ಹೆಸರಿಟ್ಟುಕೊಂಡರೆ ವಿಷಯವು ಸುಗಮವಾಗುತ್ತದೆ. ಒಳಬೆಲೆಯು ಇಬ್ಬರು ಆಟಗಾರರನ್ನು ಸಮಾನರನ್ನಾಗಿ ಮಾಡುತ್ತದೆ. ಹೊರಬೆಲೆಯು ಆಟ ಮೊದಲಾಗುವ ಮುನ್ನವೇ ಅವರನ್ನು ಅಸಮಾನರನ್ನಾಗಿ ಮಾಡುತ್ತದೆ.

ಪ್ರಾಚೀನರ ದೃಷ್ಟಿ

ಆಟವನ್ನೂ ಪಣವನ್ನೂ ಪೂರ್ವಿಕರು ಬೇರ್ಪಡಿಸಿಯೇ ನೋಡಿದ್ದರು. ಧರ್ಮಶಾಸ್ತ್ರಕಾರರು ನಿರ್ಜೀವ ವಸ್ತುಗಳಿಂದ ಪಣವಿಟ್ಟು ಆಡುವುದನ್ನು ದ್ಯೂತವೆಂದೂ ಪ್ರಾಣಿಗಳನ್ನು ಕಾದಿಸಿ ಪಣವೊಡ್ಡುವುದನ್ನು ಸಮಾಹ್ವಯವೆಂದೂ ಕರೆದರು. ಎರಡರಲ್ಲಿಯೂ ದೋಷಕ್ಕೆ ಮೂಲವಾದುದು ಪಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಮೋಸದ ದಾಳಗಳನ್ನು ತಡೆದು, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ವಸೂಲು ಮಾಡುವುದು ಅವನ ಕೆಲಸ. ಧರ್ಮರಾಯನ ದ್ಯೂತಪ್ರಸಂಗವನ್ನು ಅರಿಯದ ಕನ್ನಡಿಗನಿಲ್ಲ. ಅಲ್ಲಿ ಕೇಡಿಗೆ ಕಾರಣ ದಾಳದ ಮರವಲ್ಲ, ಒಡ್ಡಿದ ರಾಜ್ಯ.

ಆದರೆ ಆಟವನ್ನು ವಿದ್ಯೆಯೆಂದು ಗೌರವಿಸಿದ ಪರಂಪರೆಯೂ ಕನ್ನಡನಾಡಿನಲ್ಲುಂಟು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (೧೧೨೬-೧೧೩೮) ರಚಿಸಿದ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶದಲ್ಲಿ ‘ಕ್ರೀಡಾವಿಂಶತಿ’ಯೆಂಬ ಒಂದು ಭಾಗವೇ ಆಟಗಳಿಗೆ ಮೀಸಲಾಗಿದೆ. ರಾಜ್ಯಶಾಸ್ತ್ರ, ವೈದ್ಯ, ಪಾಕ, ಸಂಗೀತಗಳ ಜೊತೆಯಲ್ಲಿಯೇ ಕ್ರೀಡೆಗೂ ಸ್ಥಾನ ಕೊಟ್ಟ ಆ ಅರಸನು ಆಟವನ್ನು ಕಾಲಹರಣವೆಂದು ಕಡೆಗಣಿಸಲಿಲ್ಲ.

ಗಂಜೀಫಾ ಮತ್ತು ಮೈಸೂರಿನ ಛದ

ಎಲೆಯಾಟಕ್ಕೆ ಭಾರತದಲ್ಲಿ ಹಳೆಯ ಹೆಸರು ಗಂಜೀಫಾ. ಬಾಬರನು ತನ್ನ ಆತ್ಮಕಥೆಯಲ್ಲಿ, ಸಿಂಧ್ ಪ್ರಾಂತದ ಶಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ೧೫೨೭ರ ಘಟನೆಗಳಲ್ಲಿ ನಮೂದಿಸಿದ್ದಾನೆ. ಮೊಗಲರ ಕಟ್ಟಿನಲ್ಲಿ ೮ ವರ್ಗಗಳು, ವರ್ಗಕ್ಕೆ ೧೨ರಂತೆ ಒಟ್ಟು ೯೬ ಎಲೆಗಳು. ಆಟವು ದೇಶೀಯವಾದ ಮೇಲೆ ದಶಾವತಾರದ ಕಟ್ಟು ರೂಪುಗೊಂಡಿತು. ಮತ್ಸ್ಯದಿಂದ ಕಲ್ಕಿಯವರೆಗೆ ೧೦ ವರ್ಗಗಳು; ಪ್ರತಿಯೊಂದರಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕದ ಎಲೆಗಳು; ಒಟ್ಟು ೧೨೦. ಮೂವರು ಆಡಿದರೆ ಒಬ್ಬೊಬ್ಬರಿಗೆ ೪೦ ಎಲೆ. ಹಗಲಿನಲ್ಲಿ ಆಡುವಾಗ ರಾಮನ ರಾಜನನ್ನು ಪಡೆದವನು, ರಾತ್ರಿಯಲ್ಲಾದರೆ ಕೃಷ್ಣನ ರಾಜನನ್ನು ಪಡೆದವನು ಆಟವನ್ನು ಆರಂಭಿಸುವುದು ವಾಡಿಕೆ. ಅರ್ಧ ವರ್ಗಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಈ ಕ್ರಮವು ತಿರುಗಿ, ಒಂದೇ ದೊಡ್ಡದಾಗಿ ಹತ್ತು ಕಿರಿದಾಗುತ್ತದೆ. ಯಾವ ಎಲೆಗಳು ಬಿದ್ದುಹೋದುವು, ಯಾವುವು ಉಳಿದಿವೆ ಎಂಬುದನ್ನು ನೆನಪಿನಲ್ಲಿಡುವುದೇ ಇಲ್ಲಿಯ ಕೌಶಲ.

ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮). ೧೮೩೧ರಲ್ಲಿ ಆಡಳಿತವು ಆಂಗ್ಲರ ಕೈಗೆ ಹೋದ ಮೇಲೆ ಆ ಮಹಾರಾಜರು ಸಾಹಿತ್ಯ, ಚಿತ್ರ, ಕ್ರೀಡೆಗಳ ಪೋಷಣೆಯಲ್ಲಿ ತಮ್ಮ ಕಾಲವನ್ನು ಸಾರ್ಥಕಗೊಳಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ, ಕೊನೆಯದಾದ ‘ಕೌತುಕನಿಧಿ’ಯಲ್ಲಿ ಎಲೆಯಾಟಗಳ ವಿವರಣೆಯುಂಟು. ಮಹಾರಾಜರು ಕಲ್ಪಿಸಿದ ಈ ಆಟಗಳಿಗೆ ‘ಛದ’ವೆಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಇವುಗಳಲ್ಲಿ ಅತ್ಯಂತ ದೊಡ್ಡ ಕಟ್ಟು ೧೮ ವರ್ಗಗಳದು, ೩೬೦ ಎಲೆಗಳದು. ಅಂಕದ ಎಲೆಗಳಲ್ಲದೆ ರಾಜಪರಿವಾರದ ಎಲೆಗಳು, ಯಾವಾಗಲೂ ತುರುಫಾಗಿಯೇ ಇರುವ ಎಲೆಗಳು, ಬೇರೊಂದರ ಸ್ಥಾನವನ್ನು ತುಂಬಬಲ್ಲ ಎಲೆಗಳು ಇವುಗಳಲ್ಲಿದ್ದುವು. ನಿಯಮಗಳು ಜಟಿಲವಾದುದರಿಂದ ಛದದ ಆಟಗಳು ಜನಸಾಮಾನ್ಯರಲ್ಲಿ ಹರಡಲಿಲ್ಲ. ಆದರೆ ಚಿತ್ರಕಲೆಯಾಗಿ ಮೈಸೂರು ಗಂಜೀಫಾ ಇಂದಿಗೂ ಉಳಿದಿದೆ. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದಿದೆ.

ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಅಂಶವೊಂದು ಇಲ್ಲಿದೆ. ಗಂಜೀಫಾ ಎಲೆಗಳಲ್ಲಿ ದರ್ಬಾರ್ ಕಲಂ, ಬಜಾರ್ ಕಲಂ ಎಂದು ಎರಡು ಬಗೆ. ಅರಮನೆಗಾಗಿ ದಂತ, ಆಮೆಚಿಪ್ಪುಗಳ ಮೇಲೆ ಬರೆದುದು ಮೊದಲನೆಯದು. ಸಂತೆಯ ಜನಕ್ಕಾಗಿ ಬಟ್ಟೆ, ಕಾಗದದ ಹಿಟ್ಟುಗಳ ಮೇಲೆ ಬರೆದುದು ಎರಡನೆಯದು. ಇವೆರಡರ ಹೊರಬೆಲೆಯಲ್ಲಿ ಆನೆಗೂ ಆಡಿಗೂ ಇರುವ ಅಂತರ. ಆದರೆ ದಂತದ ಮಂತ್ರಿಗೆ ಎಷ್ಟು ಬಲವೋ ಬಟ್ಟೆಯ ಮಂತ್ರಿಗೂ ಅಷ್ಟೇ ಬಲ. ಒಂದೇ ಕಟ್ಟನ್ನು ಕಲಸಿ ಎಲ್ಲರಿಗೂ ಹಂಚುವುದರಿಂದ, ಎಲೆಗಳ ಒಡೆಯನಿಗೂ ಅತಿಥಿಗೂ ಬರುವ ಕೈ ಒಂದೇ ಬಗೆಯದು. ಇಸ್ಪೀಟಿನಲ್ಲಿಯೂ ಹೀಗೆಯೇ. ಎಕ್ಕವನ್ನು ಯಾರೂ ಅಂಗಡಿಯಲ್ಲಿ ಕೊಂಡು ತಂದು ತನ್ನ ಕೈಗೆ ಸೇರಿಸಿಕೊಳ್ಳುವಂತಿಲ್ಲ.

ವಿನಿಮಯದ ಎಲೆಯಾಟದ ಸ್ವರೂಪ

ಈ ಸಮಾನತೆಯ ನಿಯಮವನ್ನು ಮುರಿದು ಹೊಸ ಬಗೆಯ ಆಟವೊಂದು ೧೯೯೩ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ರಿಚರ್ಡ್ ಗಾರ್ಫೀಲ್ಡ್ ಎಂಬುವರು ಕಲ್ಪಿಸಿದ, ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆ ಪ್ರಕಟಿಸಿದ ಆ ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಸಿಗರೇಟು ಪೊಟ್ಟಣಗಳು ಬಾಗದಿರಲೆಂದು ಇಡುತ್ತಿದ್ದ ಗಟ್ಟಿಕಾಗದದ ಮೇಲೆ ಚಿತ್ರ ಮುದ್ರಿಸಿ ಗಿರಾಕಿಗಳನ್ನು ಸೆಳೆಯುವ ಪದ್ಧತಿಯು ೧೯ನೆಯ ಶತಮಾನದ ಉತ್ತರಾರ್ಧದಿಂದಲೇ ಇತ್ತು. ಬಬಲ್‌ಗಮ್ಮಿನ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಕೂಡಿಟ್ಟ ಹಳೆಯ ವಿದ್ಯಾರ್ಥಿಗಳಿಗೆ ಇದರ ಸೆಳೆತವು ತಿಳಿದೇ ಇದೆ. ಗಾರ್ಫೀಲ್ಡರು ಮಾಡಿದ ಹೊಸತೆಂದರೆ, ಹಾಗೆ ಕೂಡಿಟ್ಟ ಎಲೆಗಳಿಂದಲೇ ಆಡಬಹುದಾದ ಆಟವನ್ನು ರಚಿಸಿದುದು. ೧೯೯೬ರಲ್ಲಿ ಜಪಾನಿನ ಪೋಕೆಮಾನ್, ೧೯೯೯ರಲ್ಲಿ ಯು-ಗಿ-ಓ ಇದೇ ಮಾರ್ಗದಲ್ಲಿ ಬಂದುವು.

ಮ್ಯಾಜಿಕ್ ಆಟದ ಸ್ಥೂಲನಿಯಮ ಹೀಗಿದೆ. ಇಬ್ಬರು ಆಟಗಾರರು, ಇಬ್ಬರಿಗೂ ಅವರವರೇ ಆಯ್ದು ಕಟ್ಟಿಕೊಂಡ ಪ್ರತ್ಯೇಕ ಕಟ್ಟು. ಅದರಲ್ಲಿ ಕನಿಷ್ಠ ೬೦ ಎಲೆಗಳಿರತಕ್ಕದ್ದು. ಮೂಲಭೂಮಿಯ ಎಲೆಗಳ ಹೊರತು ಒಂದೇ ಹೆಸರಿನ ಎಲೆ ನಾಲ್ಕಕ್ಕೆ ಮೀರಿರಕೂಡದು. ಆರಂಭದಲ್ಲಿ ಇಬ್ಬರಿಗೂ ೨೦ ಪ್ರಾಣಾಂಕಗಳು, ಕೈಯಲ್ಲಿ ೭ ಎಲೆಗಳು. ಸರದಿ ಬಂದಾಗ ಒಂದು ಎಲೆಯನ್ನು ಎಳೆದುಕೊಳ್ಳಬೇಕು; ಮೊದಲು ಆಡುವುದರಿಂದ ಆಗುವ ಲಾಭವನ್ನು ಸರಿದೂಗಿಸಲು, ಮೊದಲಿಗನು ತನ್ನ ಮೊದಲ ಸರದಿಯಲ್ಲಿ ಎಲೆಯೆಳೆಯುವಂತಿಲ್ಲ. ಎದುರಾಳಿಯ ಪ್ರಾಣಾಂಕವನ್ನು ಸೊನ್ನೆಗೆ ಇಳಿಸಿದವನು ಗೆದ್ದಂತೆ.

ಎಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಭೂಮಿಯ ಎಲೆಗಳು ಬಲವನ್ನು ಕೊಡುತ್ತವೆ. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂಬ ಐದು ಮೂಲಭೂಮಿಗಳಿಂದ ಕ್ರಮವಾಗಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸುರು ಎಂಬ ಐದು ಬಣ್ಣದ ಬಲಗಳು ಹುಟ್ಟುತ್ತವೆ. ಉಳಿದವು ಕಾರ್ಯದ ಎಲೆಗಳು: ಹೋರಾಡುವ ಜೀವಿಗಳು, ಮಂತ್ರಗಳು, ಉಪಕರಣಗಳು. ಇವುಗಳ ಮೂಲೆಯಲ್ಲಿ, ಇದನ್ನು ಆಡಲು ಯಾವ ಬಣ್ಣದ ಎಷ್ಟು ಬಲವನ್ನು ತೆರಬೇಕೆಂಬುದು ಮುದ್ರಿತವಾಗಿರುತ್ತದೆ. ಇದೇ ಒಳಬೆಲೆ. ಸರದಿಗೆ ಒಂದೇ ಭೂಮಿಯನ್ನು ಇಡಬಹುದಾದುದರಿಂದ, ಮೊದಲ ಸರದಿಯಲ್ಲಿ ಸಾಮಾನ್ಯವಾಗಿ ಒಂದು ಬಲ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು ದೊರೆಯುತ್ತವೆ. ಪೋಕೆಮಾನ್ ಆಟದಲ್ಲಿಯೂ ಸರದಿಗೆ ಒಂದು ಶಕ್ತಿಯ ಎಲೆಯನ್ನು ಮಾತ್ರ ಜೋಡಿಸಬಹುದು. ಅಲ್ಲಿ ಕಟ್ಟಿಗೆ ಸರಿಯಾಗಿ ೬೦ ಎಲೆಗಳು, ಗೆಲ್ಲಲು ಪಡೆಯಬೇಕಾದ ಬಹುಮಾನದ ಎಲೆಗಳು ೬.

ವ್ಯಾಕರಣವನ್ನು ಬಲ್ಲವರಿಗೆ ಈ ಆಟದ ಒಂದು ನಿಯಮ ವಿಶೇಷವಾಗಿ ರುಚಿಸೀತು. ಎಲೆಯ ಮೇಲಿನ ಮಾತು ಆಟದ ಸಾಮಾನ್ಯನಿಯಮಕ್ಕೆ ವಿರುದ್ಧವಾದರೆ ಎಲೆಯ ಮಾತೇ ಊರ್ಜಿತವಾಗುತ್ತದೆ. ಶಾಸ್ತ್ರಕಾರರು ಉತ್ಸರ್ಗವೆಂದೂ ಅಪವಾದವೆಂದೂ ಹೇಳುವುದು ಇದನ್ನೇ. ಸಾಮಾನ್ಯಸೂತ್ರವನ್ನು ವಿಶೇಷಸೂತ್ರವು ಬಾಧಿಸುತ್ತದೆಂಬುದನ್ನು ಶಬ್ದಮಣಿದರ್ಪಣದ ಪಾಠದಲ್ಲಿ ಕಷ್ಟಪಟ್ಟು ಗ್ರಹಿಸುವ ಹುಡುಗನು ಎಲೆಯಾಟದಲ್ಲಿ ಅದನ್ನು ಆಯಾಸವಿಲ್ಲದೆ ಅನ್ವಯಿಸುತ್ತಾನೆ.

ಒಳಬೆಲೆಯ ವಿವೇಕ

ಆಟದ ಜಾಣ್ಮೆಯೆಲ್ಲ ಒಳಬೆಲೆಯನ್ನು ಅರಿಯುವುದರಲ್ಲಿದೆ. ಮೊದಲ ನಾಲ್ಕು ಸರದಿಗಳಲ್ಲಿ ತಪ್ಪದೆ ಭೂಮಿಯನ್ನು ಇಟ್ಟವನಿಗೆ ೧, ೨, ೩, ೪ ರಂತೆ ಒಟ್ಟು ೧೦ ಬಲ ಒದಗುತ್ತದೆ. ಸರದಿಯೊಂದರಲ್ಲಿ ಬಳಸದೆ ಉಳಿದ ಬಲವು ಮುಂದಿನ ಸರದಿಗೆ ಬರುವುದಿಲ್ಲ. ಒಬ್ಬನು ನಾಲ್ಕು ಬೆಲೆಯ ಬಲಿಷ್ಠ ಎಲೆಗಳನ್ನೇ ತುಂಬಿಕೊಂಡು ನಾಲ್ಕನೆಯ ಸರದಿಯವರೆಗೆ ಸುಮ್ಮನೆ ಕುಳಿತರೆ ಅವನು ಬಳಸಿದುದು ೪ ಬಲ ಮಾತ್ರ. ಇನ್ನೊಬ್ಬನು ಒಂದು, ಎರಡು, ಮೂರು, ನಾಲ್ಕು ಬೆಲೆಯ ಎಲೆಗಳನ್ನು ಕ್ರಮವಾಗಿ ಆಡಿದರೆ ಹತ್ತೂ ಬಲಗಳು ಸದ್ವಿನಿಯೋಗವಾದುವು. ಆದುದರಿಂದ ನುರಿತ ಆಟಗಾರನು ಕಡಿಮೆ ಬೆಲೆಯ ಎಲೆಗಳನ್ನು ಹೆಚ್ಚಾಗಿಯೂ ಹೆಚ್ಚು ಬೆಲೆಯವನ್ನು ವಿರಳವಾಗಿಯೂ ಸೇರಿಸಿ ಕಟ್ಟನ್ನು ಅಣಿಗೊಳಿಸುತ್ತಾನೆ. ಆದಾಯವನ್ನು ನೋಡಿ ವೆಚ್ಚವನ್ನು ಹೊಂದಿಸುವ ಸಂಸಾರನೀತಿಯೇ ಇದು.

ಎರಡನೆಯದು ಸಂಭವದ ಗಣಿತ. ಆಟಗಾರನು ೬೦ ಎಲೆಗಳ ಕಟ್ಟಿನಲ್ಲಿ ತನಗೆ ಅತ್ಯಗತ್ಯವಾದ ಎಲೆಯ ನಾಲ್ಕು ಪ್ರತಿಗಳನ್ನಿಟ್ಟರೆ, ಆರಂಭದ ೭ ಎಲೆಗಳಲ್ಲಿ ಒಂದಾದರೂ ಬರುವ ಸಂಭವ ನೂರಕ್ಕೆ ಸುಮಾರು ೪೦. ಒಂದೇ ಪ್ರತಿಯಿಟ್ಟರೆ ನೂರಕ್ಕೆ ೧೨ಕ್ಕಿಂತ ತುಸು ಕಡಿಮೆ. ಹೆಚ್ಚು ಎಲೆಗಳಿದ್ದರೆ ಹೆಚ್ಚು ಬಲವೆಂದು ಭ್ರಮಿಸಿ ಕಟ್ಟನ್ನು ೧೦೦ ಎಲೆಗಳಿಗೆ ಬೆಳೆಸಿದರೆ, ನಾಲ್ಕು ಪ್ರತಿಗಳಿದ್ದೂ ಸಂಭವವು ನೂರಕ್ಕೆ ಸುಮಾರು ೨೫ಕ್ಕೆ ಇಳಿಯುತ್ತದೆ. ಆದುದರಿಂದಲೇ ಬಲ್ಲವರು ಕನಿಷ್ಠ ಸಂಖ್ಯೆಯನ್ನು ಮೀರುವುದಿಲ್ಲ. ಬೇಡವಾದುದನ್ನು ಬಿಡುವುದು ಕೂಡಿಹಾಕುವುದಕ್ಕಿಂತ ಕಷ್ಟವೆಂಬ ಪಾಠವು ಇಲ್ಲಿ ಲೆಕ್ಕದಿಂದಲೇ ಸಿದ್ಧವಾಗುತ್ತದೆ. ಅರವತ್ತರಲ್ಲಿ ಸುಮಾರು ೨೪ ಭೂಮಿಗಳಿರುವುದು ವಾಡಿಕೆ. ಆಗ ಮೊದಲ ಏಳು ಎಲೆಗಳಲ್ಲಿ ಸರಾಸರಿ ಮೂರಕ್ಕೆ ಸಮೀಪವಾಗಿ ಭೂಮಿಗಳು ಬರುತ್ತವೆ.

ಮೂರನೆಯದು ಧೋರಣೆ. ಅಲ್ಪಬೆಲೆಯ ಜೀವಿಗಳಿಂದ ಮುನ್ನುಗ್ಗಿ ಎದುರಾಳಿಯು ಸಿದ್ಧನಾಗುವ ಮೊದಲೇ ಮುಗಿಸುವುದು ಒಂದು ಕ್ರಮ. ಬಂದುದನ್ನೆಲ್ಲ ತಡೆದು, ಒಂದು ಎಲೆಯಿಂದ ಎದುರಾಳಿಯ ಎರಡನ್ನು ನಿವಾರಿಸಿ, ಕಡೆಗೆ ತನ್ನ ದೊಡ್ಡ ಎಲೆಯನ್ನು ಇಳಿಸುವುದು ಎರಡನೆಯ ಕ್ರಮ. ಬಿಡಿಯಾಗಿ ನಿಷ್ಪ್ರಯೋಜಕವಾದ ಎಲೆಗಳನ್ನು ಕೂಡಿಸಿ ಒಮ್ಮೆಗೇ ಗೆಲ್ಲುವುದು ಮೂರನೆಯದು. ಕೆಂಪು ಬಲ ಒಂದನ್ನು ತೆತ್ತು ೩ ಪ್ರಾಣಾಂಕಗಳನ್ನು ಕಳೆಯುವ ‘ಲೈಟ್ನಿಂಗ್ ಬೋಲ್ಟ್’ ಎಂಬ ಸಾಮಾನ್ಯ ಎಲೆಯು ಮೊದಲ ಕ್ರಮದವನ ಕೈಯಲ್ಲಿ ಎದುರಾಳಿಯ ಮೇಲೆ ಬೀಳುವ ಬಾಣ. ಎರಡನೆಯವನ ಕೈಯಲ್ಲಿ ನುಗ್ಗುವ ಜೀವಿಯನ್ನು ತಡೆಯುವ ಗುರಾಣಿ. ವಸ್ತು ಒಂದೇ, ಉಪಯೋಗವು ವಿವೇಕಾಧೀನ. ಈ ಭಾಗದ ಮಟ್ಟಿಗೆ, ಆಟವು ಬುದ್ಧಿವರ್ಧಕವೆನ್ನುವವರ ಪಕ್ಷ ಸರಿಯಾದುದೇ.

ಹೊರಬೆಲೆಯ ಬಂಧನ

ಈ ಎಲೆಗಳು ಕೈಗೆ ಬರುವ ಬಗೆಯನ್ನು ನೋಡಿದರೆ ಚಿತ್ರವು ಬದಲಾಗುತ್ತದೆ. ಎಲೆಗಳು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಮ್ಯಾಜಿಕ್ ಆಟದ ಪೊಟ್ಟಣದಲ್ಲಿ ಬಹುಕಾಲ ೧೫ ಎಲೆಗಳಿದ್ದು, ಅವುಗಳಲ್ಲಿ ವಿರಳವರ್ಗದ್ದು ಒಂದೇ. ೨೦೦೮ರಲ್ಲಿ ಅದಕ್ಕಿಂತಲೂ ದುರ್ಲಭವಾದ ಅತಿವಿರಳವೆಂಬ ವರ್ಗವನ್ನು ಸೇರಿಸಿದರು. ಆ ಪದ್ಧತಿಯ ದೊಡ್ಡ ಸಂಚಯವೊಂದರಲ್ಲಿ ವಿರಳ ಎಲೆಗಳು ೫೩, ಅತಿವಿರಳ ಎಲೆಗಳು ೧೫. ಮುದ್ರಣದ ಹಾಳೆಯಲ್ಲಿ ಮೊದಲನೆಯವು ಎರಡೆರಡು ಸಲ, ಎರಡನೆಯವು ಒಂದೊಂದೇ ಸಲ ಬರುವುದರಿಂದ ಒಟ್ಟು ೧೨೧ ಸ್ಥಾನಗಳು. ಎಂದರೆ ಬೇಕೆನಿಸಿದ ನಿರ್ದಿಷ್ಟ ಅತಿವಿರಳ ಎಲೆಯು ಪೊಟ್ಟಣದಲ್ಲಿರುವ ಸಂಭವ ೧೨೧ರಲ್ಲಿ ಒಂದು. ಪೊಟ್ಟಣಕ್ಕೆ ೩೦೦ ರೂಪಾಯಿಯೆಂದು ಲೆಕ್ಕಕ್ಕಾಗಿ ಹಿಡಿದರೂ ೧೨೧ ಪೊಟ್ಟಣಗಳಿಗೆ ೩೬,೩೦೦ ರೂಪಾಯಿಗಳಾದುವು. ಅಷ್ಟನ್ನು ವ್ಯಯಿಸಿದ ಮೇಲೂ ನೂರು ಮಂದಿಯಲ್ಲಿ ಸುಮಾರು ೩೭ ಮಂದಿಗೆ ಆ ಎಲೆ ಒಂದೂ ದೊರೆತಿರುವುದಿಲ್ಲ. ಇದು ಆಟವಲ್ಲ, ಲಾಟರಿ. ಈ ಭಾಗದ ಮಟ್ಟಿಗೆ, ಜೂಜೆಂದು ಆಕ್ಷೇಪಿಸುವವರ ಪಕ್ಷವೇ ಸರಿ.

ಎರಡು ಬೆಲೆಗಳ ವೈಪರೀತ್ಯಕ್ಕೆ ‘ಬ್ಲ್ಯಾಕ್ ಲೋಟಸ್’ ಎಂಬ ಎಲೆಗಿಂತ ಉತ್ತಮವಾದ ನಿದರ್ಶನವಿಲ್ಲ. ೧೯೯೩ರ ಮುದ್ರಣಗಳಲ್ಲಿ ಬಂದ ಈ ಎಲೆಯ ಒಳಬೆಲೆ ಸೊನ್ನೆ. ಅದು ಕೊಡುವ ಬಲ ಮೂರು. ಏನನ್ನೂ ತೆರದೆ ಮೂರನ್ನು ಪಡೆಯುವುದೆಂದರೆ ಎದುರಾಳಿಗಿಂತ ಮೂರು ಸರದಿ ಮುಂದೆ ಹೋದಂತೆ. ಒಳಬೆಲೆಯನ್ನು ತಪ್ಪಾಗಿ ಕಟ್ಟಿದುದರಿಂದ ಆಟದ ಸಮತೋಲವೇ ಕೆಡುತ್ತಿತ್ತು. ಆದುದರಿಂದ ಅಧಿಕೃತ ಪಂದ್ಯಗಳ ಬಹುಪಾಲು ಪ್ರಕಾರಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ವಿಂಟೇಜ್ ಎಂಬ ಪ್ರಕಾರದಲ್ಲಿ ಒಂದೇ ಪ್ರತಿಗೆ ಅವಕಾಶ. ಅಂಗಡಿಯಲ್ಲಿ ಮಾತ್ರ ೨೦೨೧ರ ಜನವರಿಯಲ್ಲಿ ಮೊದಲ ಮುದ್ರಣದ ಪ್ರತಿಯೊಂದು ೫,೧೧,೧೦೦ ಡಾಲರಿಗೆ, ಅಂದಿನ ಲೆಕ್ಕದಲ್ಲಿ ಮೂರೂವರೆ ಕೋಟಿ ರೂಪಾಯಿಗೂ ಮಿಗಿಲಾಗಿ, ಹರಾಜಾಯಿತು. ಅದೇ ವರ್ಷದ ಜುಲೈಯಲ್ಲಿ ಪೋಕೆಮಾನಿನ ‘ಪಿಕಾಚು ಇಲ್ಲಸ್ಟ್ರೇಟರ್’ ಎಂಬ ಎಲೆಯು ೫೨,೭೫,೦೦೦ ಡಾಲರಿಗೆ ಕೈಬದಲಾಯಿಸಿ ಗಿನ್ನೆಸ್ ದಾಖಲೆಯನ್ನು ಸೇರಿತು. ಆಡಲಾಗದ ಎಲೆಗೇ ಅತ್ಯಧಿಕ ಬೆಲೆ ಬರುವುದಾದರೆ, ಅಲ್ಲಿ ಆಟ ಮುಗಿದು ವ್ಯಾಪಾರವೊಂದೇ ಉಳಿದಂತಾಯಿತು.

ಈ ದುರ್ಲಭತೆಯೂ ಬಹಳಮಟ್ಟಿಗೆ ಮಾನವನಿರ್ಮಿತ. ೧೯೯೫ರಲ್ಲಿ ಹಳೆಯ ಎಲೆಗಳನ್ನು ಮರುಮುದ್ರಿಸಿದಾಗ, ತಮ್ಮ ಸಂಗ್ರಹದ ಬೆಲೆ ಇಳಿಯಿತೆಂದು ಸಂಗ್ರಾಹಕರು ಆಕ್ಷೇಪಿಸಿದರು. ಮರುವರ್ಷ ಪ್ರಕಾಶಕ ಸಂಸ್ಥೆಯು ಒಂದು ಪಟ್ಟಿಯನ್ನು ಹೊರಡಿಸಿ, ಅದರಲ್ಲಿನ ಎಲೆಗಳನ್ನು ಮತ್ತೆ ಮುದ್ರಿಸುವುದಿಲ್ಲವೆಂದು ಮಾತು ಕೊಟ್ಟಿತು. ಕಾಗದಕ್ಕೂ ಮಸಿಗೂ ಕೊರತೆಯಿರಲಿಲ್ಲ, ಕೊರತೆಯನ್ನೇ ಕಾಪಾಡಲಾಯಿತು. ಇನ್ನೊಂದು ಸಂಗತಿಯೂ ಗಮನಾರ್ಹ. ಆರಂಭದ ನಿಯಮಗಳಲ್ಲಿ ಆಟಗಾರರು ತಂತಮ್ಮ ಕಟ್ಟಿನಿಂದ ಒಂದೊಂದು ಎಲೆಯನ್ನು ಪಣವಿಟ್ಟು, ಗೆದ್ದವನು ಎರಡನ್ನೂ ಒಯ್ಯುವ ಪದ್ಧತಿಯಿತ್ತು. ಅದು ಜೂಜಿಗೆ ಸಮೀಪವೆಂದು ತೋರಿ ಕ್ರಮೇಣ ಕೈಬಿಡಲಾಯಿತು. ಪಣಕ್ಕೆ ಸಂಬಂಧಿಸಿದ ಎಲೆಗಳು ಪಂದ್ಯಗಳಿಂದ ಬಹಿಷ್ಕೃತವಾದುವು. ಧರ್ಮಶಾಸ್ತ್ರಕಾರರು ಗುರುತಿಸಿದ ಗೆರೆಯನ್ನೇ ಈ ಆಟದವರೂ ಕಂಡುಕೊಳ್ಳಬೇಕಾಯಿತು. ಪಣವು ಮಣೆಯಿಂದ ಹೋಯಿತಾದರೂ ಪೊಟ್ಟಣದೊಳಗೆ ಉಳಿದುಕೊಂಡಿತು.

ನ್ಯಾಯಶಾಸ್ತ್ರದ ವಿವೇಚನೆಯೂ ಇದಕ್ಕೆ ಹೊಂದುತ್ತದೆ. ರಮ್ಮಿಯಾಟದಲ್ಲಿ ಬಿದ್ದ ಎಲೆಗಳನ್ನು ನೆನಪಿಡುವ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು ೧೯೬೭ರಲ್ಲಿ ತೀರ್ಮಾನಿಸಿತು. ಆದರೆ ಆಡಿಸುವವರು ಪಣದ ಹಣದಿಂದ ಲಾಭ ಮಾಡಿಕೊಂಡರೆ ಅದು ಅಪರಾಧವಾದೀತೆಂದೂ ಎಚ್ಚರಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಅಂತರಜಾಲದ ಹಣದಾಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸುವಂಥದು. ಕಾಗದದ ಎಲೆಯಾಟವು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಇಲ್ಲಿ ಗೆರೆಯೆಳೆಯುವ ಹೊಣೆ ಮನೆಯದು ಮತ್ತು ಶಾಲೆಯದು.

ಶಾಲೆಯ ಮುಂದಿರುವ ದಾರಿ

ಈ ಹೊಣೆಯು ಮಠದ ಆಶ್ರಯದ ಶಾಲೆಗೆ ಇತರರಿಗಿಂತ ಹೆಚ್ಚು ತೂಕವಾದುದು. ಕೊಡಿಗೇಹಳ್ಳಿ, ಸಹಕಾರನಗರ, ಹೆಬ್ಬಾಳಗಳ ಸುತ್ತಿನಲ್ಲಿ ಹಳೆಯ ಒಕ್ಕಲು ಮನೆತನದ ಮಗುವೂ, ಬ್ಯಾಟರಾಯನಪುರದ ಕೂಲಿಗಾರನ ಮಗುವೂ, ಬಹುಮಹಡಿ ವಸತಿಯ ಅಧಿಕಾರಿಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತವೆ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವೆಂದರೆ, ಪಂಕ್ತಿಯಲ್ಲಿ ಕುಳಿತವರೆಲ್ಲರ ಎಲೆಗೆ ಒಂದೇ ಅಡುಗೆ ಬಡಿಸುವುದು. ಸಮವಸ್ತ್ರದಿಂದ ಮರೆಯಾದ ಅಂತಸ್ತು ಜೇಬಿನ ಎಲೆಗಳಿಂದ ಮತ್ತೆ ತಲೆಯೆತ್ತುವುದಾದರೆ ಆ ಪಂಕ್ತಿಗೆ ಭಂಗ ಬಂದಂತೆ. ಬಡಮಗುವು ಆಟದಲ್ಲಿ ಸೋಲುವುದು ದುಃಖದ ಸಂಗತಿಯಲ್ಲ. ಆಡುವ ಮೊದಲೇ ಸೋತಿರುವುದು ದುಃಖದ ಸಂಗತಿ. ಬುದ್ಧಿ ಸಾಲದೆ ಸೋತವನು ನಾಳೆ ಕಲಿತು ಗೆಲ್ಲಬಹುದು. ಹಣ ಸಾಲದೆ ಸೋತವನು ಕಲಿಯುವುದಾದರೂ ಏನನ್ನು?

ಹಾಗೆಂದು ಬರಿಯ ನಿಷೇಧದಿಂದ ಪ್ರಯೋಜನವಿಲ್ಲ. ನಿಷೇಧಿಸಿದ ಎಲೆಯು ಮೇಜಿನ ಮೇಲಿಂದ ಮೇಜಿನ ಕೆಳಗೆ ಹೋಗುವುದಷ್ಟೇ. ಎಷ್ಟೋ ಮಕ್ಕಳಲ್ಲಿ ಎಲೆಗಳಿವೆ, ನಿಯಮದ ಅರಿವಿಲ್ಲ. ಅವರಿಗೆ ತಿಳಿದಿರುವುದು ಹೊರಬೆಲೆಯೊಂದೇ. ಆದುದರಿಂದ ಒಳಬೆಲೆಯನ್ನು ಕಲಿಸಿ ಹೊರಬೆಲೆಯನ್ನು ತೊಡೆದುಹಾಕುವುದೇ ಯುಕ್ತವಾದ ಕ್ರಮ. ಇದಕ್ಕೆ ಆಟದವರಲ್ಲಿಯೇ ರೂಢಿಯಲ್ಲಿರುವ ಉಪಾಯಗಳುಂಟು. ಸಾಮಾನ್ಯವರ್ಗದ ಎಲೆಗಳನ್ನು ಮಾತ್ರ ಬಳಸುವ ‘ಪಾಪರ್’, ಎಂದರೆ ಬಡವನ ಆಟವೆಂಬ ಪ್ರಕಾರಕ್ಕೆ ೨೦೧೯ರಿಂದ ಅಧಿಕೃತ ಮನ್ನಣೆಯಿದೆ. ಅಂಥ ಎಲೆಗಳಲ್ಲಿ ಬಹಳಷ್ಟು ಬಿಡಿಯಾಗಿ ಅಲ್ಪಬೆಲೆಗೆ ದೊರೆಯುತ್ತವೆ. ಬುದ್ಧಿಗೆ ಬೇಕಾದ ಕೆಲಸವೆಲ್ಲ ಅವುಗಳಲ್ಲಿಯೇ ಇದೆ.

ಇದಕ್ಕಿಂತಲೂ ಉತ್ತಮವಾದುದು ಸಾಮೂಹಿಕ ಪೆಟ್ಟಿಗೆಯ ಕ್ರಮ. ಆಟಗಾರರು ಇದನ್ನು ‘ಕ್ಯೂಬ್’ ಎನ್ನುತ್ತಾರೆ. ಎಂಟು ಮಂದಿ ಸುತ್ತ ಕುಳಿತು, ಒಂದೇ ಪೆಟ್ಟಿಗೆಯ ಎಲೆಗಳನ್ನು ಕಲಸಿ, ತಲೆಗೆ ೧೫ರಂತೆ ಮೂರು ಕಂತೆಗಳನ್ನು ಹಂಚಿಕೊಳ್ಳುತ್ತಾರೆ. ಪ್ರತಿಯೊಬ್ಬನೂ ಮೊದಲ ಕಂತೆಯಿಂದ ತನಗೆ ಬೇಕಾದ ಒಂದನ್ನು ಆಯ್ದು ಉಳಿದುದನ್ನು ಎಡಗಡೆಯವನಿಗೆ ದಾಟಿಸುತ್ತಾನೆ. ಎಲೆಗಳು ಮುಗಿಯುವವರೆಗೆ ಹೀಗೆಯೇ ಸಾಗುತ್ತದೆ. ಎರಡನೆಯ ಕಂತೆ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕಡೆಗೆ ತಲೆಗೆ ೪೫ ಎಲೆಗಳಾಗುತ್ತವೆ. ಅವುಗಳಲ್ಲಿ ಸುಮಾರು ೨೩ನ್ನು ಆಯ್ದು, ೧೭ ಭೂಮಿಗಳನ್ನು ಸೇರಿಸಿ ೪೦ರ ಕಟ್ಟನ್ನು ಮಾಡಿ ಆಡುತ್ತಾರೆ. ಆಟ ಮುಗಿದೊಡನೆ ಎಲೆಗಳೆಲ್ಲ ಪೆಟ್ಟಿಗೆಗೆ ಹಿಂದಿರುಗುತ್ತವೆ. ಯಾರೂ ಒಡೆಯರಲ್ಲ, ಎಲ್ಲರೂ ಭಾಗಿಗಳು. ಎಂಟು ಮಂದಿಗೆ ನಲವತ್ತೈದರಂತೆ ಆ ಪೆಟ್ಟಿಗೆಗೆ ಬೇಕಾದ ಎಲೆಗಳು ೩೬೦. ಮುಮ್ಮಡಿ ಕೃಷ್ಣರಾಜ ಒಡೆಯರ ದೊಡ್ಡ ಛದದ ಎಲೆಗಳಷ್ಟೇ. ಇದು ಕಾಕತಾಳೀಯವಾದರೂ ಅರ್ಥಪೂರ್ಣವಾಗಿದೆ. ಗ್ರಂಥಾಲಯಕ್ಕೆ ಪುಸ್ತಕಗಳನ್ನು ಕೊಡುವ ದಾನಿಗಳು ವಿದ್ಯಾರ್ಥಿನಿಲಯಕ್ಕೆ ಇಂಥ ಪೆಟ್ಟಿಗೆಯೊಂದನ್ನು ಕೊಟ್ಟರೆ ಅದೂ ವಿದ್ಯಾದಾನವೇ.

ಎಲೆಗಳನ್ನು ಮಕ್ಕಳೇ ರಚಿಸುವುದಾದರೆ ಫಲವು ಇನ್ನೂ ಹೆಚ್ಚು. ಹೆಬ್ಬಾಳ ಕೆರೆಯ ಹೆಜ್ಜಾರ್ಲೆ, ಮಿಂಚುಳ್ಳಿ, ಕೊಕ್ಕರೆಗಳನ್ನೂ, ಸಮೀಪದ ಕೃಷಿ ವಿಶ್ವವಿದ್ಯಾನಿಲಯದ ಆವರಣದ ಮರಗಳನ್ನೂ, ರಾಗಿ ಅವರೆ ತೊಗರಿಗಳನ್ನೂ ಗಟ್ಟಿಕಾಗದದ ಮೇಲೆ ಬರೆದು, ಅವುಗಳ ಗುಣಕ್ಕೆ ತಕ್ಕ ಒಳಬೆಲೆಯನ್ನು ಕಟ್ಟಬಹುದು. ಒಂದು ಎಲೆ ಸದಾ ಗೆಲ್ಲುತ್ತಿದ್ದರೆ ಅದರ ಬೆಲೆಯನ್ನು ಏರಿಸಬೇಕು. ಯಾರೂ ಆರಿಸಿಕೊಳ್ಳದಿದ್ದರೆ ಇಳಿಸಬೇಕು. ಹೀಗೆ ತೂಗಿ ನೋಡುವುದರಲ್ಲಿ ಗಣಿತವೂ ನ್ಯಾಯಬುದ್ಧಿಯೂ ಒಟ್ಟಿಗೆ ಬೆಳೆಯುತ್ತವೆ. ನಿಯಮವನ್ನು ಎರಡು ಸಾಲಿನಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ಕನ್ನಡದಲ್ಲಿ ಬರೆಯುವುದು ಸೂತ್ರರಚನೆಯ ಅಭ್ಯಾಸವೂ ಆಗುತ್ತದೆ.

ಕೂಡಿಡುವ ಚಪಲಕ್ಕೆ ಶರಣರ ಬದುಕಿನಲ್ಲಿಯೇ ಮದ್ದುಂಟು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹಿಂದಿರುಗಿಸಿದಳು. ಅಂದಿನ ದಾಸೋಹಕ್ಕೆ ಎಷ್ಟು ಬೇಕೋ ಅಷ್ಟೇ ಅಕ್ಕಿಯೆಂಬ ಆ ತಾಯಿಯ ಅಳತೆಯನ್ನು ಆಟಕ್ಕೆ ಎಷ್ಟು ಬೇಕೋ ಅಷ್ಟೇ ಎಲೆಯೆಂದು ಮಕ್ಕಳಿಗೆ ತಿಳಿಹೇಳುವುದು ಕಷ್ಟವಲ್ಲ. ಆಡುವುದಕ್ಕೆ ಬೇಕಾದುದು ಅರವತ್ತು. ಅದಕ್ಕೆ ಮೀರಿದುದು ಆಟವನ್ನು ಬಲಪಡಿಸುವುದಿಲ್ಲವೆಂಬುದನ್ನು ಲೆಕ್ಕವೇ ತೋರಿಸಿಕೊಟ್ಟಿದೆ.